ಗಣತಿಗೆ ಪಟ್ಟಣ, ಕಾಯದೆಗೆ ಹಳ್ಳಿ

ನಮ್ಮ ನೆರೆಯ ಗೋವೆ ಪುಟ್ಟ ಪ್ರಾಂತ. 2011ರ ಖಾನೇಸುಮಾರಿಯಂತೆ ಅಲ್ಲಿ ಹದಿನಾಲ್ಕೂವರೆ ಲಕ್ಷ ಜನ. ನೂರಕ್ಕೆ 62 ಮಂದಿ ಪಟ್ಟಣವಾಸಿಗಳು. ಪಟ್ಟಣಗಳೆಷ್ಟು? 70! ಆದರೆ ಪುರಸಭೆಯೋ ನಗರಪಾಲಿಕೆಯೋ ಇದ್ದದ್ದು ಬರೇ 14ಕ್ಕೆ. ಮಿಕ್ಕ 56 ಊರುಗಳು ಗಣತಿಯ ಪುಸ್ತಕದಲ್ಲಿ ಪಟ್ಟಣ, ಸರಕಾರದ ಕಾಯದೆಯಲ್ಲಿ ಹಳ್ಳಿ. 2001ರಲ್ಲಿ ಇಂಥವು 30 ಇದ್ದವು.

ಹೋಟೆಲುಗಳು ಸಾಲುಗಟ್ಟಿ ನಿಂತ ಕಲಂಗೂಟ್ ಹಳ್ಳಿಯಂತೆ! ಗೋವೆಯ ವಿಧಾನಸಭೆ ಕೂಡುವ ಪರ್ವರಿಗೂ ಪುರಸಭೆಯಿಲ್ಲ. ಶಾಸಕರು ಬಾಗಿಲು ತೆರೆದು ನೋಡಿದರೆ ಸಾಕು, ಅನ್ಯಾಯ ಕಾಣುತ್ತದೆ.

ಪಟ್ಟಣವೆನ್ನಲು ಗಣತಿಯವರ ಅಳತೆ ಮೂರು. ಐದು ಸಾವಿರ ಜನವಿರಬೇಕು. ಚದರ ಕಿಲೋಮೀಟರಿಗೆ 400 ಮಂದಿಯಾದರೂ ಇರಬೇಕು. ದುಡಿಯುವ ಗಂಡಸರಲ್ಲಿ ನೂರಕ್ಕೆ 75 ಮಂದಿ ಬೇಸಾಯ ಬಿಟ್ಟು ಬೇರೆ ಕಸುಬಿನಲ್ಲಿರಬೇಕು. ಗಂಡಸರಲ್ಲಿ ಮಾತ್ರ! ಬುಟ್ಟಿ ಹೊತ್ತು ಸಂತೆಗೆ ಹೋಗುವ ಹೆಂಗಸಿನ ದುಡಿಮೆ ಈ ತಕ್ಕಡಿಗೆ ಬೀಳುವುದೇ ಇಲ್ಲ.

ಗಣತಿಯವರು ಪಟ್ಟಣವೆಂದರೂ ಪುರಸಭೆ ಬರುವುದಿಲ್ಲ. ಅದನ್ನು ಕೊಡುವುದು ರಾಜ್ಯ ಸರಕಾರದ ಚಿತ್ತ. ಅಲ್ಲಿಯವರೆಗೆ ಪಟ್ಟಣದ ಕೊಳಚೆ, ಪಟ್ಟಣದ ಬಾಡಿಗೆ, ಹಳ್ಳಿಯ ಚರಂಡಿ. ಇದನ್ನು ಅನುಭವಿಸುವವರಲ್ಲಿ ನಮ್ಮವರೂ ಇದ್ದಾರೆ. ಬಿಜಾಪುರ, ಗದಗ, ಕೊಪ್ಪಳದ ಕಡೆಯಿಂದ ಕೂಲಿಗೆ ಹೋದವರು ಬೀಡುಬಿಟ್ಟ ಝುವಾರಿನಗರ ಇಂಥದೇ ಗಣತಿಯ ಪಟ್ಟಣವಾದ ಸಾಂಕ್ವಾಳಕ್ಕೆ ಸೇರಿದ್ದು.

ಪುರಸಭೆ ಬಂದರೆ ಮನೆಪಟ್ಟಿ ಏರೀತು, ಗ್ರಾಮಸಭೆ ಹೋದೀತು ಎಂದು ಅಂಜುವವರಿದ್ದಾರೆ. ಈ ಅಂಜಿಕೆ ಹುಸಿಯಲ್ಲ. ಗ್ರಾಮಸಭೆಯಲ್ಲಿ ಬಡವನೂ ಎದ್ದು ನಿಂತು ಲೆಕ್ಕ ಕೇಳಬಲ್ಲ. ಪಟ್ಟಣದಲ್ಲೋ? ವಾರ್ಡು ಸಮಿತಿ ಕಡ್ಡಾಯವೆಂದು 1992ರ ಸಂವಿಧಾನ ತಿದ್ದುಪಡಿ ಹೇಳಿದ್ದು ಮೂರು ಲಕ್ಷ ಜನಕ್ಕೆ ಮೇಲ್ಪಟ್ಟ ಊರುಗಳಿಗೆ. 2011ರಲ್ಲಿ ಪಣಜಿಯ ಜನಸಂಖ್ಯೆ ಸುಮಾರು 40 ಸಾವಿರ. ಮುರಗಾವದ್ದೂ ಲಕ್ಷ ಮುಟ್ಟಿರಲಿಲ್ಲ. ಇಡೀ ಪ್ರಾಂತದಲ್ಲಿ ಒಂದು ಊರೂ ಆ ಅಳತೆಗೆ ನಿಲುಕಲಿಲ್ಲ! ದೊಡ್ಡ ನಗರಗಳಿಗೆ ಹೊಲಿದ ಅಂಗಿ ಇದು.

2021ರ ಗಣತಿ ನಡೆಯಲೇ ಇಲ್ಲ. ಮುಂದಿನ ಗಣತಿಗೆ 2027ರ ಮಾರ್ಚ್ 1 ಎಂದು ದಿನ ಗೊತ್ತುಮಾಡಿದ್ದಾರೆ. ಅಷ್ಟರೊಳಗೆ ಅಳತೆಗೋಲಿನಲ್ಲಿ ಹೆಂಗಸಿನ ದುಡಿಮೆಯೂ ಸೇರಲಿ. ಗಣತಿ ಪಟ್ಟಣವೆಂದ ಊರಿಗೆ ಗೊತ್ತಾದ ಅವಧಿಯೊಳಗೆ ಚರಂಡಿ, ನೀರು ಕೊಡುವ ಕಾಯದೆ ಬರಲಿ. ಸಣ್ಣ ಊರಿನ ವಾರ್ಡಿಗೂ ಸಭೆ ಸೇರುವ ಹಕ್ಕಿರಲಿ. ಎಣಿಸುವವರು ಮನೆಗೆ ಬಂದಾಗ ಈ ಮಾತನ್ನು ಅವರ ಕಿವಿಗೂ ಹಾಕಿರಿ.