ಮಿಷನ್ ಕೊಳ್ಳುವ ಮುಂಚೆ ಮೆಕ್ಯಾನಿಕ್‌ನನ್ನು ಹುಡುಕಿ

ನಮ್ಮ ಧರ್ಮಕೇಂದ್ರಗಳಲ್ಲಿ ‘ಮಿಷನ್’ ಎಂದರೆ ಎರಡು ಅರ್ಥ. ಒಂದು, ಮಿಷನರಿಗಳು ಬಂದು ಶುರು ಮಾಡಿದ ಸೇವೆ. ಇನ್ನೊಂದು, ಕಿಟಕಿ ಪಕ್ಕದಲ್ಲಿ ಕೂತು ಟಕಟಕ ಎನ್ನುವ ಹೊಲಿಗೆ ಯಂತ್ರ. ಇವತ್ತಿನ ಮಾತು ಎರಡನೆಯದರ ಬಗ್ಗೆ.

ಹತ್ತನೇ ತರಗತಿ ಅಥವಾ ಇಂಟರ್ ಪರೀಕ್ಷೆ ಮುಗಿದ ಕೂಡಲೇ ಎಷ್ಟೋ ಮನೆಗಳಲ್ಲಿ ಈ ಮಾತು ಬರುತ್ತದೆ: “ಅಮ್ಮಾ, ನನಗೊಂದು ಮಿಷನ್ ಕೊಡಿಸು.” ಹಿಂದೂಪುರ, ಗೌರಿಬಿದನೂರು, ದೊಡ್ಡಬಳ್ಳಾಪುರದ ಗಾರ್ಮೆಂಟ್ಸ್‌ಗೆ ಹೋಗಿ ಬರುತ್ತಿದ್ದ ಅಕ್ಕಂದಿರು ಮಗು ಆದ ಮೇಲೆ ಮನೆಯಲ್ಲೇ ಹೊಲಿಯೋಣ ಎಂದುಕೊಳ್ಳುತ್ತಾರೆ. ಇನ್ನು ಕೆಲವರಿಗೆ ಇದು ಬರೀ ಹವ್ಯಾಸ. ತಮ್ಮ ಬಟ್ಟೆ ತಾವೇ ಹೊಲಿದುಕೊಳ್ಳುವ ಆಸೆ. ಆಮೇಲೆ ಎಲ್ಲರೂ ಮಾಡುವುದು ಒಂದೇ: ಮೊಬೈಲ್ ತೆಗೆದು ಚಿತ್ರ ನೋಡುವುದು. ಯಾವ ಕಂಪನಿ ಒಳ್ಳೆಯದು, ಎಷ್ಟು ಬೆಲೆ, ಎಷ್ಟು ತರಹದ ಹೊಲಿಗೆ ಹಾಕುತ್ತದೆ ಎಂದು ಕೇಳುತ್ತೇವೆ.

ನನ್ನ ಅಭಿಪ್ರಾಯದಲ್ಲಿ ಇವೆಲ್ಲಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಈ ಮಿಷನ್ ನಿಂತುಹೋದರೆ ರಿಪೇರಿ ಮಾಡುವವರು ಎಷ್ಟು ದೂರದಲ್ಲಿದ್ದಾರೆ? ಕೊಡಿಕೊಂಡದಂಥ ಊರಿನಲ್ಲಿ ಇರುವವರಿಗೆ ಇದೇ ಮುಖ್ಯ. ಹೈವೇ ನಮ್ಮ ಪಕ್ಕದಲ್ಲೇ ಇದೆ, ಬೆಂಗಳೂರಿನಿಂದ ಹೈದರಾಬಾದಿನವರೆಗೆ ಲಾರಿಗಳು ಓಡುತ್ತವೆ, ಪಾರ್ಸೆಲ್ ಮನೆ ಬಾಗಿಲಿಗೇ ಬರುತ್ತದೆ. ಆದರೆ ಕೆಟ್ಟ ಮಿಷನ್ನನ್ನು ಹೊತ್ತುಕೊಂಡು ಹೋಗಬೇಕಾದವರು ನಾವೇ. ಚೆಕ್‌ಪೋಸ್ಟ್ ದಾಟಿ ಬಾಗೇಪಲ್ಲಿಗೆ, ಇಲ್ಲವೇ ಚಿಲಮತ್ತೂರು, ಲೇಪಾಕ್ಷಿ ಮೇಲೆ ಹಿಂದೂಪುರಕ್ಕೆ. ಅಲ್ಲೂ “ಇದರ ಸಾಮಾನು ನಮ್ಮ ಹತ್ತಿರ ಸಿಗಲ್ಲಮ್ಮ” ಎಂದರೆ ಬೆಂಗಳೂರಿಗೆ. ಒಂದು ದಿನದ ಕೂಲಿ, ಬಸ್ ಚಾರ್ಜು, ಅಲ್ಲಿ ಬಿಟ್ಟು ಬಂದರೆ ಮತ್ತೊಂದು ದಿನ. ಹೀಗಾಗಿ ಅಗ್ಗದ ಮಿಷನ್ ಎಂದರೆ ಬಿಲ್ಲಿನಲ್ಲಿ ಅಗ್ಗವಾದದ್ದು ಎಂದು ನಾನು ಒಪ್ಪುವುದಿಲ್ಲ. ಹತ್ತು ವರ್ಷ ನಡೆಸಿದ ಮೇಲೂ ಕೈ ಸುಡದಿರುವುದೇ ಅಗ್ಗದ ಮಿಷನ್.

ಈಗ ಮಾರುಕಟ್ಟೆಯಲ್ಲಿ ಏನೇನಿದೆ ನೋಡೋಣ. ಇಲ್ಲಿ ಹೇಳುವ ಬೆಲೆಗಳೆಲ್ಲ ಅಂದಾಜು. ಅಂಗಡಿಯಿಂದ ಅಂಗಡಿಗೆ ಬದಲಾಗುತ್ತವೆ.

ಮೊದಲನೆಯದು ಆನ್‌ಲೈನಿನಲ್ಲಿ ಸಿಗುವ ಪುಟ್ಟ ಪ್ಲಾಸ್ಟಿಕ್ ಮಿಷನ್. ಸಾವಿರದೈನೂರರಿಂದ ಎರಡೂವರೆ ಸಾವಿರ ರೂಪಾಯಿ. ಬ್ಯಾಟರಿ ಅಥವಾ ಅಡಾಪ್ಟರಿನಿಂದ ನಡೆಯುತ್ತದೆ. ನೋಡಲು ಮುದ್ದಾಗಿದೆ. ಆದರೆ ರವಿಕೆಯ ತೋಳು ಸೇರುವ ಜಾಗದಲ್ಲಿ ಬಟ್ಟೆ ನಾಲ್ಕು ಪದರವಾದರೆ ಅದಕ್ಕೆ ಉಸಿರು ಕಟ್ಟುತ್ತದೆ. ಕೆಟ್ಟರೆ ಬಿಚ್ಚಿ ಸರಿಮಾಡುವವರು ಸಿಗುವುದು ಕಷ್ಟ. ಕಲಿಯುವ ಹುಡುಗಿ ತನಗೇ ಹೊಲಿಗೆ ಬರುವುದಿಲ್ಲ ಎಂದುಕೊಂಡು ಕೈಬಿಡುತ್ತಾಳೆ. ಈ ನಷ್ಟ ಎರಡು ಸಾವಿರಕ್ಕಿಂತ ದೊಡ್ಡದು.

ಎರಡನೆಯದು ನಮ್ಮ ಅಜ್ಜಿಯರ ಕಾಲದಿಂದ ಇರುವ ಕಪ್ಪು ಕಬ್ಬಿಣದ ಮಿಷನ್. ಸ್ಟ್ಯಾಂಡ್ ಸಮೇತ ಆರರಿಂದ ಒಂಬತ್ತು ಸಾವಿರ. ನೇರ ಹೊಲಿಗೆ ಒಂದೇ ಹಾಕುತ್ತದೆ. ಕಾಲಲ್ಲಿ ತುಳಿಯಬಹುದು, ಬೇಕಾದರೆ ಪುಟ್ಟ ಮೋಟರ್ ಹಾಕಿಸಬಹುದು. ಕರೆಂಟ್ ಹೋದರೂ ಕೆಲಸ ನಿಲ್ಲುವುದಿಲ್ಲ.

ಮೂರನೆಯದು ಬಿಳಿ ಬಣ್ಣದ, ಮೋಟರ್ ಒಳಗೇ ಇರುವ ಜಿಗ್‌ಜಾಗ್ ಮಿಷನ್. ಹತ್ತರಿಂದ ಹದಿನಾರು ಸಾವಿರ, ಕಂಪ್ಯೂಟರ್ ಬೋರ್ಡ್ ಇರುವುದಾದರೆ ಇನ್ನೂ ಹೆಚ್ಚು. ಗುಂಡಿ ಮನೆ, ಸೀರೆಯ ಅಂಚಿಗೆ ಜಿಗ್‌ಜಾಗ್, ಸಣ್ಣ ಅಲಂಕಾರದ ಹೊಲಿಗೆ ಎಲ್ಲಾ ಆಗುತ್ತದೆ. ಹವ್ಯಾಸಕ್ಕೆ ಹೊಲಿಯುವವರಿಗೆ ಇದು ಸುಖ. ಆದರೆ ದಿನಕ್ಕೆ ಎಂಟು ಗಂಟೆ ದುಡಿಸುವುದಕ್ಕೆ ಮಾಡಿದ ಮಿಷನ್ ಇದಲ್ಲ, ಮತ್ತು ಬೋರ್ಡ್ ಸುಟ್ಟರೆ ಊರಿನ ಮೆಕ್ಯಾನಿಕ್ ಕೈಚೆಲ್ಲುತ್ತಾನೆ.

ನಾಲ್ಕನೆಯದು ಗಾರ್ಮೆಂಟ್ಸ್‌ನಲ್ಲಿ ಇರುವಂಥ ಪವರ್ ಮಿಷನ್. ಇಪ್ಪತ್ತು ಸಾವಿರದ ಮೇಲೆ. ನಿಮಿಷಕ್ಕೆ ನಾಲ್ಕೈದು ಸಾವಿರ ಹೊಲಿಗೆ ಹಾಕಬಲ್ಲದು. ಕೈ ಪಳಗಿದವರಿಗೆ ಇದು ಬಂಗಾರ; ಹೊಸಬರಿಗೆ ಹಿಡಿತಕ್ಕೆ ಸಿಗದ ಕುದುರೆ. ಗಾರ್ಮೆಂಟ್ಸ್ ಅಕ್ಕಂದಿರು ಕೊಳ್ಳುವುದಾದರೆ ಸರ್ವೋ ಮೋಟರ್ ಇರುವುದನ್ನೇ ಕೇಳಿ. ಹಳೆಯ ಕ್ಲಚ್ ಮೋಟರ್ ಬಟ್ಟೆ ಹೊಲಿಯದಿದ್ದಾಗಲೂ ತಿರುಗುತ್ತಾ ಕರೆಂಟ್ ತಿನ್ನುತ್ತದೆ. ಸರ್ವೋ ನೀವು ತುಳಿದಾಗ ಮಾತ್ರ ತಿರುಗುತ್ತದೆ, ವೇಗವನ್ನೂ ತಗ್ಗಿಸಬಹುದು.

ಹೊಸದಾಗಿ ಕಲಿಯುವವರಿಗೆ ನನ್ನ ಓಟು ಎರಡನೆಯದಕ್ಕೆ, ಆ ಕಪ್ಪು ಮಿಷನ್ನಿಗೆ. “ಅದು ಹಳೇ ಕಾಲದ್ದು, ಒಂದೇ ಹೊಲಿಗೆ” ಎಂದು ಯುವಕರು ಮೂಗು ಮುರಿಯಬಹುದು. ಆದರೆ ರವಿಕೆ, ಲಂಗ, ಚೂಡಿದಾರ್, ಶಾಲೆಯ ಯೂನಿಫಾರ್ಮ್, ದಿಂಬಿನ ಚೀಲ, ಮೊದಲ ಪರಮಪ್ರಸಾದದ ಮಕ್ಕಳ ಬಿಳಿ ಫ್ರಾಕು, ಪೀಠದ ಹೊದಿಕೆ, ಇವೆಲ್ಲ ಮುಕ್ಕಾಲು ಪಾಲು ನೇರ ಹೊಲಿಗೆಯೇ. ಮಿಕ್ಕ ಪೀಕೋ, ಓವರ್‌ಲಾಕ್ ಕೆಲಸವನ್ನು ಮೊದಲ ವರ್ಷ ಹೊರಗೆ ಕೊಟ್ಟು ಮಾಡಿಸಬಹುದು. ಸೀರೆಗೆ ಫಾಲ್, ಜಿಗ್‌ಜಾಗ್ ಹಾಕಿಯೇ ಸಂಪಾದಿಸಬೇಕು ಎಂಬುದು ನಿಮ್ಮ ಲೆಕ್ಕವಾದರೆ ಮಾತ್ರ ಜಿಗ್‌ಜಾಗ್ ಮಿಷನ್ನಿಗೆ ಹೋಗಿ. ಸುತ್ತಲೂ ಧರ್ಮಾವರಂ, ಹಿಂದೂಪುರದ ರೇಷ್ಮೆ ಸೀರೆಗಳಿರುವ ನಮ್ಮ ಸೀಮೆಯಲ್ಲಿ ಆ ಲೆಕ್ಕ ತಪ್ಪೇನಲ್ಲ.

ಕಪ್ಪು ಮಿಷನ್ ಇಷ್ಟು ವರ್ಷ ಉಳಿದು ಬಂದ ಕಾರಣವನ್ನೂ ತಿಳಿದುಕೊಳ್ಳುವುದು ಒಳ್ಳೆಯದು. ಅಮೆರಿಕದಲ್ಲಿ ಎಲಿಯಾಸ್ ಹೋವ್ 1846ರಲ್ಲಿ, ಐಸಾಕ್ ಸಿಂಗರ್ 1851ರಲ್ಲಿ ಹೊಲಿಗೆ ಯಂತ್ರಕ್ಕೆ ಪೇಟೆಂಟ್ ಪಡೆದರು. ಯಂತ್ರ ಚೆನ್ನಾಗಿತ್ತು, ಆದರೆ ಸಾಮಾನ್ಯರ ಕೈಗೆ ಎಟುಕುವ ಬೆಲೆ ಇರಲಿಲ್ಲ. ಸಿಂಗರ್ ಪಾಲುದಾರ ಎಡ್ವರ್ಡ್ ಕ್ಲಾರ್ಕ್ 1856ರಲ್ಲಿ ಕಂತಿನ ಮೇಲೆ ಮಾರುವ ದಾರಿ ಹುಡುಕಿದರು. ನಮ್ಮ ಇವತ್ತಿನ ಇಎಂಐಗೆ ಅಷ್ಟು ಹಳೆಯ ಬೇರಿದೆ. ಅದರ ಜೊತೆಗೆ ಆ ಕಂಪನಿ ಊರೂರಿಗೆ ಏಜೆಂಟರನ್ನು ಕಳಿಸಿತು. ಮಾರುವುದು, ಕಲಿಸುವುದು, ರಿಪೇರಿ ಎಲ್ಲಕ್ಕೂ ಜನ ಇದ್ದರು. ನಮ್ಮ ದೇಶದಲ್ಲಿ 1930ರ ದಶಕದಲ್ಲಿ ಕೋಲ್ಕತ್ತದಿಂದ ಉಷಾ ಬಂತು. ಮುಂದೆ ಲುಧಿಯಾನದ ಸಣ್ಣ ಕಾರ್ಖಾನೆಗಳು ಇದೇ ಮಾದರಿಯ ಮಿಷನ್ನುಗಳನ್ನೂ ಬಿಡಿಭಾಗಗಳನ್ನೂ ಮಾಡತೊಡಗಿದವು. ಹಾಗಾಗಿ ಇವತ್ತು ಹೆಸರು ಯಾವುದೇ ಇರಲಿ, ಈ ಮಾದರಿಯ ಬಾಬಿನ್, ಬಾಬಿನ್ ಕೇಸ್, ಬೆಲ್ಟ್, ಸೂಜಿ ಸಣ್ಣ ಪೇಟೆಯಲ್ಲೂ ಸಿಗುತ್ತವೆ. ನೀವು ದುಡ್ಡು ಕೊಡುವುದು ಕಬ್ಬಿಣಕ್ಕಷ್ಟೇ ಅಲ್ಲ, ಈ ಅನುಕೂಲಕ್ಕೂ.

ಅದಕ್ಕೇ ಸೆಕೆಂಡ್ ಹ್ಯಾಂಡ್ ಎಂದರೆ ಹೆದರಬೇಡಿ. ಚೆನ್ನಾಗಿ ಇಟ್ಟುಕೊಂಡ ಕಪ್ಪು ಮಿಷನ್ ಅರ್ಧ ಬೆಲೆಗೆ ಸಿಕ್ಕರೆ ಅದೇ ಲಾಭ. ನೋಡಲು ಹೋಗುವಾಗ ನಿಮ್ಮದೇ ಎರಡು ತುಂಡು ಬಟ್ಟೆ ತೆಗೆದುಕೊಂಡು ಹೋಗಿ: ಒಂದು ತೆಳ್ಳಗಿನ ವಾಯಿಲ್, ಇನ್ನೊಂದು ಹಳೇ ಜೀನ್ಸ್. ಮೊದಲು ಚಕ್ರವನ್ನು ಕೈಯಲ್ಲೇ ನಿಮ್ಮ ಕಡೆಗೆ ತಿರುಗಿಸಿ. ಎಲ್ಲೂ ಬಿಗಿಯಾಗಬಾರದು, ಕಟಕಟ ಎಂದು ಸಿಕ್ಕಿಕೊಳ್ಳಬಾರದು. ಚಕ್ರ ಹಿಡಿದು ಅಲ್ಲಾಡಿಸಿದರೆ ಲೊಡಲೊಡ ಎನ್ನಬಾರದು. ಆಮೇಲೆ ವಾಯಿಲ್ ಎರಡು ಪದರ, ಜೀನ್ಸ್ ನಾಲ್ಕು ಪದರ ಹೊಲಿದು ನೋಡಿ. ಬಟ್ಟೆಯ ಮೇಲೂ ಕೆಳಗೂ ಹೊಲಿಗೆ ಒಂದೇ ತರಹ ಇರಬೇಕು. ಫುಟ್ ಎತ್ತಿ, ಕೆಳಗೆ ಬಟ್ಟೆ ತಳ್ಳುವ ಹಲ್ಲುಗಳನ್ನು ಬೆರಳಿನಿಂದ ಮುಟ್ಟಿ. ಸವೆದು ನುಣ್ಣಗಾಗಿದ್ದರೆ ಬೆಲೆ ಇಳಿಸಿ ಕೇಳಿ. ಬಣ್ಣ ಹೋಗಿದ್ದರೆ ಚಿಂತೆ ಬೇಡ.

ಮನೆಗೆ ತಂದ ಮೇಲೆ “ಮಿಷನ್ ಕೆಟ್ಟಿದೆ” ಎನ್ನುವ ಮುಂಚೆ ಸೂಜಿ ನೋಡಿ. ಮನೆಯ ಮಿಷನ್ನಿನ ಸೂಜಿಗೆ ಮೇಲ್ಭಾಗದಲ್ಲಿ ಒಂದು ಬದಿ ಚಪ್ಪಟೆ ಇರುತ್ತದೆ. ದಾರ ಯಾವ ಕಡೆಯಿಂದ ಕಣ್ಣಿನೊಳಗೆ ಹೋಗುತ್ತದೋ ಅದರ ಎದುರು ಬದಿಗೆ ಆ ಚಪ್ಪಟೆ ಇರಬೇಕು. ತಿರುಗಾಮುರುಗಾ ಹಾಕಿದರೆ ಹೊಲಿಗೆ ಬೀಳುವುದೇ ಇಲ್ಲ. ತೆಳು ರೇಷ್ಮೆ, ವಾಯಿಲ್‌ಗೆ 11ನೇ ನಂಬರ್, ಹತ್ತಿ ಬಟ್ಟೆಗೆ 14, ಜೀನ್ಸ್‌ಗೆ 16 ಅಥವಾ 18. ಎಣ್ಣೆ ಮಿಷನ್ ಎಣ್ಣೆಯೇ ಆಗಿರಲಿ. ಕೊಬ್ಬರಿ ಎಣ್ಣೆ, ಅಡುಗೆ ಎಣ್ಣೆ ಬಿಟ್ಟರೆ ಒಳಗೆ ಅಂಟುಕಟ್ಟುತ್ತದೆ.

ಇನ್ನು ದುಡ್ಡಿನ ಮಾತು. ಒಂದು ಸಾದಾ ರವಿಕೆಗೆ ಕೈಗೆ ನೂರೈವತ್ತು ರೂಪಾಯಿ ಉಳಿಯುತ್ತದೆ ಎಂದಿಟ್ಟುಕೊಳ್ಳೋಣ. ಏಳೂವರೆ ಸಾವಿರದ ಮಿಷನ್ ಎಂದರೆ ಐವತ್ತು ರವಿಕೆ. ಹದಿನೈದು ಸಾವಿರದ್ದಾದರೆ ನೂರು. ಸಂಘದಲ್ಲಿ ಸಾಲ ಎತ್ತುವ ಮುಂಚೆ, ಒಡವೆ ಇಡುವ ಮುಂಚೆ ಈ ಎಣಿಕೆ ಮಾಡಿ: ನಮ್ಮ ಬೀದಿಯಲ್ಲಿ ನನಗೆ ಹೊಲಿಯಲು ಕೊಡುವವರು ಎಷ್ಟು ಜನ? ಇನ್ನೂ ಅಳತೆ ತೆಗೆಯಲು ಬಾರದವರು ದೊಡ್ಡ ಮಿಷನ್ನಿಗೆ ಕಂತು ಕಟ್ಟುವುದು ನನಗೆ ಸರಿ ಕಾಣುವುದಿಲ್ಲ. ಮೊದಲು ಕಲಿಯಿರಿ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆಯ ತರಬೇತಿ ಕೇಂದ್ರ ಅನಂತಪುರದಲ್ಲೂ ಇದೆ. ಇಂಥ ಕೇಂದ್ರಗಳಲ್ಲಿ ಊಟ, ವಸತಿ ಸಮೇತ ಉಚಿತವಾಗಿ ಕಲಿಸುತ್ತಾರೆ. ಹೊಲಿಗೆ ತರಬೇತಿ ಯಾವಾಗ ಇದೆ ಎಂದು ಕೇಳಿಕೊಂಡು ಹೋಗಿ.

ವಾಟ್ಸಾಪಿನಲ್ಲಿ ‘ಪ್ರಧಾನಮಂತ್ರಿ ಉಚಿತ ಹೊಲಿಗೆ ಯಂತ್ರ ಯೋಜನೆ’ ಎಂದು ಬರುವ ಲಿಂಕನ್ನು ಮಾತ್ರ ಒತ್ತಬೇಡಿ. ಅಂಥ ಯೋಜನೆ ಇಲ್ಲ ಎಂದು ಕೇಂದ್ರದ ಪಿಐಬಿ ಫ್ಯಾಕ್ಟ್ ಚೆಕ್ ಹೇಳಿದೆ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿರುವ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಒಂದು. ತರಬೇತಿ ಮತ್ತು ಉಪಕರಣಕ್ಕೆ 15,000 ರೂಪಾಯಿವರೆಗಿನ ವೋಚರ್ ಅದರಲ್ಲಿದೆ. ಆದರೆ ಅದು ಈಗಾಗಲೇ ಆ ಕಸುಬಿನಲ್ಲಿ ಇರುವವರಿಗೆ. ವಿವರ ಬೇಕಿದ್ದರೆ ಗ್ರಾಮ ಸಚಿವಾಲಯದಲ್ಲಿ ಕೇಳಿ. ಲಿಂಕಿಗೆ ಆಧಾರ್ ನಂಬರ್ ಕೊಡಬೇಡಿ.

ಕೊನೆಗೆ ನಮ್ಮ ಮನೆಯೊಳಗಿನ ಮಾತು. ಕ್ರಿಸ್ಮಸ್ಸಿಗೋ ಮಹಿಳಾ ದಿನಕ್ಕೋ ಬಡ ಕುಟುಂಬಗಳಿಗೆ ಮಿಷನ್ ಕೊಡುವ ಒಳ್ಳೆಯ ಪದ್ಧತಿ ಅನೇಕ ಧರ್ಮಕೇಂದ್ರಗಳಲ್ಲಿದೆ. ಕೊಡುವ ದಿನ ಫೋಟೋ ಇರುತ್ತದೆ, ಚಪ್ಪಾಳೆ ಇರುತ್ತದೆ. ಎರಡು ವರ್ಷದ ನಂತರ ಆ ಮಿಷನ್ ಏನಾಯಿತು ಎಂದು ನೋಡಲು ಯಾರಾದರೂ ಹೋಗುತ್ತೇವೆಯೇ? ಬೆಲ್ಟ್ ಹರಿದೋ ಬಾಬಿನ್ ಕೇಸ್ ಕಳೆದೋ ಅದು ಮೂಲೆ ಸೇರಿ, ಮೇಲೆ ಟಿವಿಯೋ ಬಟ್ಟೆಯ ರಾಶಿಯೋ ಕೂತಿದ್ದರೆ, ಆ ದಾನ ಅರ್ಧಕ್ಕೇ ನಿಂತಂತೆ. ಮುನ್ನೂರು ರೂಪಾಯಿಯ ರಿಪೇರಿಗೆ ಗತಿ ಇಲ್ಲದೆ ಏಳು ಸಾವಿರದ ದಾನ ತುಕ್ಕು ಹಿಡಿಯಬಾರದು.

ಆದ್ದರಿಂದ ಯುವಜನರ ಮುಂದೆ ಮೂರು ಸಲಹೆ ಇಡುತ್ತೇನೆ. ಐದು ಮಿಷನ್ ಕೊಡುವ ಕಡೆ ನಾಲ್ಕು ಕೊಡೋಣ. ಐದನೆಯದರ ದುಡ್ಡಿನಲ್ಲಿ ವರ್ಷಕ್ಕೆ ಎರಡು ಸಲ ಮೆಕ್ಯಾನಿಕ್‌ನನ್ನು ಕರೆಸಿ ಎಲ್ಲರ ಮಿಷನ್ ಸರಿಮಾಡಿಸೋಣ. ಧರ್ಮಕೇಂದ್ರದ ಹಾಲಿನಲ್ಲಿ ಒಂದು ಮಿಷನ್ ಇಡೋಣ. ಕೊಳ್ಳಬೇಕೆನ್ನುವವರು ಅಲ್ಲಿ ಎರಡು ತಿಂಗಳು ಹೊಲಿದು, ಆಸೆ ನಿಜವೋ ಅಲ್ಲವೋ ನೋಡಿಕೊಂಡು ಆಮೇಲೆ ದುಡ್ಡು ಹಾಕಲಿ. ಮೂರನೆಯದು ಹುಡುಗರಿಗೆ: ಬೈಕಿನ ಎಂಜಿನ್ ಬಿಚ್ಚಿ ಕೂರಿಸುವ ನಿಮಗೆ ಹೊಲಿಗೆ ಮಿಷನ್ ಯಾವ ಲೆಕ್ಕ? ಒಬ್ಬಿಬ್ಬರು ಆ ಕೆಲಸ ಕಲಿತರೆ ನಮ್ಮ ಹಳ್ಳಿಗಳಿಗೆ ಮೆಕ್ಯಾನಿಕ್ ಸಿಕ್ಕಂತೆ, ನಿಮಗೂ ಒಂದು ಸಂಪಾದನೆ.

ಪ್ರೇಷಿತರ ಕಾರ್ಯಕಲಾಪಗಳ 9ನೇ ಅಧ್ಯಾಯದಲ್ಲಿ ಜೊಪ್ಪದ ತಬಿಥಾ ತೀರಿಕೊಂಡಾಗ ವಿಧವೆಯರು ಪೇತ್ರನ ಮುಂದೆ ಅಳುತ್ತಾ ತಂದು ತೋರಿಸಿದ್ದು ಆಕೆ ಬದುಕಿದ್ದಾಗ ಮಾಡಿಕೊಟ್ಟ ಬಟ್ಟೆಗಳನ್ನು. ಮುಂದಿನ ಸಲ ಮಿಷನ್ ಕೊಟ್ಟಾಗ ನಾವೂ ಹಾಗೇ ಲೆಕ್ಕ ಇಡೋಣ. ಎಷ್ಟು ಮಿಷನ್ ಹಂಚಿದೆವು ಎಂಬುದು ಒಂದು ಸಾಲಿನಲ್ಲಿರಲಿ. ಅದರ ಕೆಳಗೆ, ಆ ವರ್ಷ ಅವು ಎಷ್ಟು ಬಟ್ಟೆ ಹೊಲಿದವು ಎಂದು ಬರೆಯೋಣ.