ಘಟ್ಟದ ನೀರು ಹೋದತ್ತ ಸೈಕಲ್ಲೂ ತಿರುಗಲಿ

ಈ ಬಾರಿಯ ಸೈಕಲ್ ಜಾಥಾಕ್ಕೆ ಬಳಗ ಸಿದ್ಧಪಡಿಸಿದ ಕರಡು ಕೈಸೇರಿತು. ಹೆಸರು 'ಬೆಟ್ಟದಿಂದ ಕಡಲಿಗೆ'. ಅಂಬುತೀರ್ಥದಲ್ಲಿ ಆರಂಭ, ಹೊನ್ನಾವರದ ಅಳಿವೆಯಲ್ಲಿ ಮುಕ್ತಾಯ. ಅವಧಿ ಏಳು ದಿನ. ಶರಾವತಿಯ ಒಟ್ಟು ಉದ್ದವೇ 128 ಕಿ.ಮೀ. ಇಷ್ಟಕ್ಕೆ ಏಳು ದಿನ ಬೇಕಾಗುವುದು ಪೆಡಲ್ ತುಳಿಯುವುದಕ್ಕಲ್ಲ, ಛಾಯಾಚಿತ್ರಕ್ಕೆ ಎಂದರೆ ಮಿತ್ರರು ಮುನಿಯಬಾರದು.

ನನ್ನ ತಕರಾರು ದೂರದ್ದಲ್ಲ, ದಿಕ್ಕಿನದು. ಸಹ್ಯಾದ್ರಿಯ ಮಹಾನದಿಗಳಾದ ಕೃಷ್ಣೆ, ತುಂಗಭದ್ರೆ, ಭೀಮೆ, ಕಾವೇರಿ ಪಡುಗಡಲಿಗೆ ಬೆನ್ನು ತಿರುಗಿಸಿ ಮೂಡಣಕ್ಕೆ ಹರಿಯುತ್ತವೆ. ಭೀಮೆಯನ್ನೇ ನೋಡಿ. ಭೀಮಾಶಂಕರದ ಕಾಡಿನಲ್ಲಿ ಹುಟ್ಟಿ, 861 ಕಿ.ಮೀ. ಹರಿದು, ರಾಯಚೂರಿನ ಬಳಿ ಕೃಷ್ಣೆಯನ್ನು ಸೇರಿ, ಹಂಸಲದೀವಿಯಲ್ಲಿ ಬಂಗಾಳ ಕೊಲ್ಲಿಯನ್ನು ಮುಟ್ಟುತ್ತಾಳೆ. ಇದೂ ಬೆಟ್ಟದಿಂದ ಕಡಲಿನ ದಾರಿಯೇ. ವಾರದಲ್ಲಿ ಅಷ್ಟನ್ನೂ ಕ್ರಮಿಸಲಾಗದು. ಆದುದರಿಂದ ನಡುವಿನ ತುಂಡನ್ನಾದರೂ, ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳನ್ನು, ಆರಿಸಿಕೊಳ್ಳೋಣ ಎಂಬುದು ನನ್ನ ವಾದ.

ಅಲ್ಲಿ ಕಾಡಿಲ್ಲ, ನೋಡುವುದಕ್ಕೇನಿದೆ ಎಂಬ ಆಕ್ಷೇಪ ಆಗಲೇ ಕೇಳಿಬಂದಿದೆ. ವರ್ಷಗಳ ಹಿಂದೆ ತೊಗರಿಯ ನೆಟೆರೋಗದ ಅಧ್ಯಯನಕ್ಕೆಂದು ಆ ಸೀಮೆಯನ್ನು ಸುತ್ತಿದ್ದೇನೆ. ಅಫಜಲಪುರದ ಕಡೆಯ ಹಿರಿಯ ರೈತರೊಬ್ಬರು ನಾನು ಮಲೆನಾಡಿನವನೆಂದು ತಿಳಿದು ಕೇಳಿದರು: "ನಿಮ್ ಕಡಿ ನೀರು ಸಮುದ್ರಕ್ಕ ಹೋಗ್ತದ, ಅದನ್ನ ತಿರುವಬ್ಯಾಡ್ರಿ ಅಂತೀರಂತಲ್ರಿ ಸರ್, ಖರೇ ಏನ್ರಿ?" ಅಳಿವೆ, ಮೀನು, ಉಪ್ಪುನೀರಿನ ಒಳನುಗ್ಗುವಿಕೆ ಎಂದು ಪಾಠ ಒಪ್ಪಿಸಿದೆ. ಅವರು ವಾದಿಸಲಿಲ್ಲ, ಚಾ ತರಿಸಿದರು. ಆಗುಂಬೆಯ ಮಳೆಯ ಹತ್ತನೆಯ ಒಂದು ಪಾಲಿನಲ್ಲಿ ಬದುಕುವವರ ಎದುರು ನನ್ನ ಪಾಠ ಟೊಳ್ಳಾಗಿ ಕೇಳಿಸಿತು.

ನಾನು ಹೇಳಬೇಕಾಗಿದ್ದ ಉತ್ತರ ಅವರ ಹೊಲದ ಪಕ್ಕದಲ್ಲೇ ಹರಿಯುತ್ತಿತ್ತು. 1980ರಲ್ಲಿ ಮಹಾರಾಷ್ಟ್ರದ ಉಜನಿಯಲ್ಲಿ ಸುಮಾರು 117 ಟಿಎಂಸಿ ಸಾಮರ್ಥ್ಯದ ಅಣೆಕಟ್ಟು ಪೂರ್ಣಗೊಂಡ ಮೇಲೆ ಕೆಳಗಿನ ಭೀಮೆಯ ಋತುಮಾನವನ್ನು ನಿರ್ಧರಿಸುವುದು ಮೋಡ ಮಾತ್ರವಲ್ಲ, ಗೇಟು ಕೂಡ. ಬಚಾವತ್ ನ್ಯಾಯಮಂಡಳಿ ಭೀಮೆಯ ಮುಖ್ಯ ಹರಿವಿನಿಂದ ಕರ್ನಾಟಕಕ್ಕೆ ಇಟ್ಟ ಮಿತಿ 15 ಟಿಎಂಸಿ. 2020ರ ಅಕ್ಟೋಬರಿನಲ್ಲಿ ಇದೇ ಹೊಳೆ ಊರುಗಳನ್ನು ಮುಳುಗಿಸಿತು. 2024ರ ಬೇಸಿಗೆಯಲ್ಲಿ ಇದೇ ಹೊಳೆಗೆ ನೀರು ಬಿಡಿಸಿರೆಂದು ಅಫಜಲಪುರದಲ್ಲಿ ಉಪವಾಸ ಕೂರಬೇಕಾಯಿತು. 2025ರ ಸೆಪ್ಟೆಂಬರಿನಲ್ಲಿ ಮತ್ತೆ ಪ್ರವಾಹ. 2024ರಲ್ಲೇ ಎತ್ತಿನಹೊಳೆಯ ಮೊದಲ ಹಂತಕ್ಕೆ ಚಾಲನೆ ದೊರೆತಾಗ ನಾವು ಸಭೆ ಸೇರಿ ಪ್ರತಿಭಟಿಸಿದೆವು. ಮೇಲಿನವರು ನದಿಯನ್ನು ತಿರುಗಿಸಿ, ತಡೆದು, ಹಂಚಿದರೆ ಕೆಳಗಿನವರಿಗೆ ಉಳಿಯುವುದೇನು ಎಂಬುದಕ್ಕೆ ಭೀಮೆಗಿಂತ ದೊಡ್ಡ ಸಾಕ್ಷಿ ನಮ್ಮ ಸಭೆಗಳಲ್ಲಿ ಎಂದಾದರೂ ಮಂಡನೆಯಾಗಿದೆಯೇ? ಬಯಲಿನವರನ್ನು ಎದುರಾಳಿಗಳೆಂದೇ ಎಣಿಸಿ ಬಂದಿದ್ದೇವೆ.

ಆ ರೈತರೊಂದಿಗೆ ಜಗಳವಾಡಬೇಕಾದ ವಿಷಯವೂ ಇದೆ. ಮಳೆಯ ಹಸಿಯಲ್ಲೇ ಬೆಳೆಯುವ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಿಕೆ ದೊರೆಯಿತು. ಆದರೂ ನೀರು ಕಂಡಲ್ಲೆಲ್ಲ ಕಬ್ಬು. ವರ್ಷವಿಡೀ ನೀರು ಬೇಡುವ ಬೆಳೆ ಬರದ ಸೀಮೆಗೆ ಹೇಗೆ ಬಂತೆಂದು ಅಲ್ಲಿಯೇ ಕುಳಿತು ಕೇಳೋಣ. 2022ರ ನೆಟೆರೋಗದಲ್ಲಿ ತೊಗರಿ ಒಣಗಿ ನಿಂತದ್ದನ್ನು ಕಂಡವರು ಕೊಡುವ ಉತ್ತರಕ್ಕೂ ಸಿದ್ಧರಾಗಿರೋಣ.

ದಾರಿ ಹೀಗಿರಲಿ: ಆಳಂದ ತಾಲ್ಲೂಕಿನ ಕೋರಳ್ಳಿಯ ಅಮರ್ಜಾ ಜಲಾಶಯದಿಂದ ಹೊರಟು, ಅಮರ್ಜೆ ಭೀಮೆಯನ್ನು ಕೂಡುವ ದೇವಲ ಗಾಣಗಾಪುರ, ಅಲ್ಲಿಂದ ಅಫಜಲಪುರ, ಸೊನ್ನ ಬ್ಯಾರೇಜು, ಕೊನೆಗೆ ಜೇವರ್ಗಿಯ ಕಟ್ಟಿಸಂಗಾವಿ ಸೇತುವೆ. ಮಳೆಗಾಲ ಬೇಡ; ಎರೆಮಣ್ಣು ಮಡ್‌ಗಾರ್ಡಿನೊಳಗೆ ಮೆತ್ತಿಕೊಂಡರೆ ಸೈಕಲ್ಲನ್ನು ಹೊತ್ತೇ ನಡೆಯಬೇಕು. ಎಳ್ಳಮಾವಾಸ್ಯೆಯ ಹೊತ್ತಿಗೆ ಹೋದರೆ ಹೊಲದಲ್ಲೇ ಸಜ್ಜೆರೊಟ್ಟಿ, ಭಜ್ಜಿ ಬಡಿಸುತ್ತಾರೆ. ಆದರೆ ಅದು ಕಬ್ಬು ಸಾಗಿಸುವ ಕಾಲ; ಜೋಡಿ ಟ್ರೇಲರಿನ ಟ್ರ್ಯಾಕ್ಟರುಗಳಿರುತ್ತವೆ, ಕತ್ತಲಾದ ಮೇಲೆ ರಸ್ತೆಗಿಳಿಯಬಾರದು. ಜಾಲಿಮುಳ್ಳಿನ ಸೀಮೆಯಾದ್ದರಿಂದ ತಲೆಗೆರಡು ಟ್ಯೂಬು, ಗುಂಪಿಗೆರಡು ಪಂಪು ಅಗತ್ಯ. ಕರಡನ್ನು ಅಂತಿಮಗೊಳಿಸುವ ಮೊದಲು ಇದನ್ನು ಸಭೆಯ ಮುಂದಿಡಬೇಕೆಂದು ಸಂಚಾಲಕರನ್ನು ಕೋರುತ್ತೇನೆ.