ಕಣ್ಣು ಕಾಯೋ ಪುಡಿ ಮತ್ತು ನಮ್ಮ ಅಕ್ಕಡಿ ಸಾಲು

ಈಚೆಗೆ ನಮ್ಮ ಕಡೆಯ ಸಂತೆಗಳಲ್ಲಿ ಸಕ್ಕರೆ ಕಾಯಿಲೆಯವರಿಗೆ ಅಂತ ಡಬ್ಬಿ ಪುಡಿ ಮಾರೋರು ಹೆಚ್ಚಾಗಿದ್ದಾರೆ. 'ಇದರಲ್ಲಿ ಅಮೈನೋ ಆಮ್ಲ ಇದೆ, ದಿನಾ ಕುಡಿದರೆ ಕಣ್ಣು ಹೋಗೋದಿಲ್ಲ' ಅನ್ನೋದು ಅವರ ಮಾತು. ನಾನು ಓದಿದ್ದು ಏಳನೇ ಕ್ಲಾಸು. ಆದರೆ ಒಂಬತ್ತು ವರ್ಷದಿಂದ ನನಗೂ ಈ ಕಾಯಿಲೆ ಇರೋದರಿಂದ ಡಾಕ್ಟರನ್ನು ಕೇಳಿ, ಓದಿದವರಿಂದ ಓದಿಸಿ, ಒಂದಿಷ್ಟು ತಿಳಿದುಕೊಂಡೆ. ನನ್ನ ಅಭಿಪ್ರಾಯ ಇಷ್ಟು: ಆ ಡಬ್ಬಿಗೆ ಹಾಕೋ ದುಡ್ಡು ದಂಡ. ಅದರಲ್ಲಿರೋದು ನಮ್ಮ ಹೊಲದ ಕಾಳಿನಲ್ಲೇ ಇದೆ. ಇನ್ನು ಕಣ್ಣು ಉಳಿಯೋದಕ್ಕೆ ಬೇರೆ ದಾರಿ ಇದೆ.

ಮೊದಲು ಕಾಯಿಲೆ ವಿಷಯ. ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಹೆಚ್ಚಿದ್ದರೆ ಕಣ್ಣಿನ ಹಿಂಪರದೆಯ ಕೂದಲೆಳೆಯಂಥ ರಕ್ತನಾಳಗಳು ದುರ್ಬಲವಾಗುತ್ತವೆ. ಕೆಲವು ಸೋರುತ್ತವೆ, ಕೆಲವು ಮುಚ್ಚಿಕೊಳ್ಳುತ್ತವೆ. ಆಮೇಲೆ ಹೊಸ ನಾಳಗಳು ಅಡ್ಡಾದಿಡ್ಡಿ ಬೆಳೆದು ಒಡೆದು ರಕ್ತ ಬರುತ್ತೆ. ಮೊದಮೊದಲು ನೋವಿಲ್ಲ, ಉರಿಯಿಲ್ಲ, ದೃಷ್ಟಿಯೂ ಚೆನ್ನಾಗೇ ಇರುತ್ತೆ. ಮಂಜಾದಾಗ ನಾವು 'ಪೊರೆ ಬಂದಿರಬೇಕು, ಸುಗ್ಗಿ ಆಗಲಿ ನೋಡೋಣ' ಅಂತೀವಿ. ಇದು ಪೊರೆ ಅಲ್ಲ. ಪೊರೆ ತೆಗೆದರೆ ದೃಷ್ಟಿ ಬರಬಹುದು. ಹಿಂಪರದೆ ಪೂರ್ತಿ ಹಾಳಾದ ಮೇಲೆ ಬರೋದಿಲ್ಲ.

ಅಮೈನೋ ಆಮ್ಲ ಅಂದರೆ ಹುಳಿ ಪದಾರ್ಥ ಅಲ್ಲ. ನಾವು ತಿನ್ನೋ ಸಸಾರಜನಕ, ಅಂದರೆ ಪ್ರೊಟೀನು, ಹೊಟ್ಟೆಯಲ್ಲಿ ಒಡೆದು ಸಿಗೋ ಚೂರುಗಳೇ ಅವು. ಒಟ್ಟು ಇಪ್ಪತ್ತು ಬಗೆ. ಅದರಲ್ಲಿ ಒಂಬತ್ತು ಊಟದಿಂದಲೇ ಬರಬೇಕು. ಇವುಗಳಿಗೂ ಸಕ್ಕರೆ ಕಾಯಿಲೆಗೂ ನಂಟು ಇದೆ ಅನ್ನೋದು ಸುಳ್ಳಲ್ಲ. 2011ರಲ್ಲಿ ಅಮೆರಿಕದಲ್ಲಿ ಒಂದು ಅಧ್ಯಯನ ಹೊರಬಂತು. ರಕ್ತದಲ್ಲಿ ಲ್ಯೂಸಿನ್, ಟೈರೋಸಿನ್ ಮುಂತಾದ ಐದು ಅಮೈನೋ ಆಮ್ಲ ಹೆಚ್ಚಿದ್ದವರಿಗೆ ಮುಂದೆ ಸಕ್ಕರೆ ಕಾಯಿಲೆ ಬಂದದ್ದು ಹೆಚ್ಚು ಅಂತ ಅದರಲ್ಲಿ ಕಂಡಿತು. 2018ರಲ್ಲಿ ಬಂದ ಇನ್ನೊಂದರಲ್ಲಿ, ಕಾಯಿಲೆ ಇರೋರ ರಕ್ತದಲ್ಲಿ ಅದೇ ಟೈರೋಸಿನ್ ಹೆಚ್ಚಿದ್ದರೆ ಕಣ್ಣು, ಮೂತ್ರಪಿಂಡದ ಸಣ್ಣ ನಾಳಗಳ ತೊಂದರೆ ಕಡಿಮೆ ಅಂತ ಕಂಡಿತು. ಒಂದು ಕಡೆ ಕೆಟ್ಟದ್ದರ ಜೊತೆ, ಇನ್ನೊಂದು ಕಡೆ ಒಳ್ಳೆಯದರ ಜೊತೆ!

ಇದರಿಂದ ನಾವು ತಿಳೀಬೇಕಾದ್ದೇನು? ಜೊತೆಗೆ ಕಂಡದ್ದೆಲ್ಲ ಕಾರಣ ಅಲ್ಲ. ರಾಗಿ ಪೈರು ಹಳದಿ ಆದರೆ ಯೂರಿಯಾ ಕಡಿಮೆ ಅಂತಲೇ ಹೇಳೋಕಾಗುತ್ತಾ? ನೀರು ನಿಂತರೂ ಹಳದಿ ಆಗುತ್ತೆ. ಅಲ್ಲದೆ ಆ ಎರಡೂ ಲೆಕ್ಕ ರಕ್ತದ್ದು, ತಟ್ಟೆಯದ್ದಲ್ಲ. ಇಂಥ ಪುಡಿ ಕುಡಿದು ಕಣ್ಣು ಉಳಿಯಿತು ಅನ್ನೋದು ಇದರಿಂದ ರುಜುವಾತಾಗೋದಿಲ್ಲ.

ರುಜುವಾತಾಗಿರೋದು ಬೇರೆ. ಇಂಗ್ಲೆಂಡಿನ ಕಡೆ 1977ರಲ್ಲಿ ಶುರುವಾಗಿ 1998ರಲ್ಲಿ ಫಲಿತಾಂಶ ಬಂದ ದೊಡ್ಡ ಪ್ರಯೋಗದಲ್ಲಿ, ಸಕ್ಕರೆಯನ್ನು ಬಿಗಿಯಾಗಿ ಹಿಡಿದವರಲ್ಲಿ ಸಣ್ಣ ನಾಳಗಳ ತೊಂದರೆ ಶೇ. 25ರಷ್ಟು ಕಡಿಮೆಯಾಯಿತು. ಬಿ.ಪಿ. ಹಿಡಿದರೂ ಕಣ್ಣಿಗೆ ಒಳ್ಳೆಯದಾಯಿತು. ಅಂದಮೇಲೆ ಊಟದಿಂದ ಕಣ್ಣಿಗೆ ಉಪಕಾರ ಆಗೋದು ಮುಖ್ಯವಾಗಿ ಸಕ್ಕರೆ ಹತೋಟಿಗೆ ಬರೋದರಿಂದ.

ಇಲ್ಲಿ ರಾಗಿ ಬೆಳೆಯೋ ನಾನೇ ಒಂದು ಕಹಿ ಮಾತು ಹೇಳಬೇಕು. 'ಅನ್ನ ಬಿಡಿ, ಮುದ್ದೆ ಎಷ್ಟು ಬೇಕಾದರೂ ತಿನ್ನಿ' ಅಂತ ಊರೆಲ್ಲ ಹೇಳ್ತಾರೆ. ರಾಗಿ ಒಳ್ಳೆಯದೇ, ಆದರೆ ಅದರಲ್ಲೂ ಹೆಚ್ಚಿನ ಪಾಲು ಪಿಷ್ಟವೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೇಶವ್ಯಾಪಿ ಸಮೀಕ್ಷೆಯ ಊಟದ ಲೆಕ್ಕ 2025ರಲ್ಲಿ ಬಂತು. ನಮ್ಮವರ ಶಕ್ತಿಯಲ್ಲಿ ಶೇ. 62ರಷ್ಟು ಪಿಷ್ಟ, ಸಕ್ಕರೆಯಿಂದಲೇ ಬರುತ್ತಂತೆ. ಪ್ರಮಾಣ ಇಳಿಸದೆ ಬರೀ ಅಕ್ಕಿ ಬಿಟ್ಟು ಸಿರಿಧಾನ್ಯದ ಹಿಟ್ಟಿಗೆ ಬದಲಾದರೆ ಲಾಭ ಕಾಣಲಿಲ್ಲ. ಅದರ ಒಂದು ಪಾಲು ತೆಗೆದು ಕಾಳು, ಹಾಲು, ಮೊಟ್ಟೆಯ ಪ್ರೊಟೀನು ಇಟ್ಟರೆ ಕಾಯಿಲೆ ಬರೋ ಸಂಭವ ಕಡಿಮೆ ಅಂತ ಕಂಡಿದೆ. ಇದೂ ಜೊತೆಗೆ ಕಂಡದ್ದೇ, ಒಪ್ಪುತ್ತೇನೆ. ಆದರೆ ಇದನ್ನು ಮನೆಯಲ್ಲೇ ಅಳೆದು ನೋಡಬಹುದು. ಎರಡು ಮುದ್ದೆ ಉಂಡ ದಿನ ಒಮ್ಮೆ, ಒಂದು ಮುದ್ದೆಗೆ ಹುರಳಿಕಾಳಿನ ಸಾರು, ಸೊಪ್ಪು ಉಂಡ ದಿನ ಒಮ್ಮೆ, ಎರಡು ಗಂಟೆ ಬಿಟ್ಟು ಸಕ್ಕರೆ ನೋಡಿ. ಮಿಷನ್ನೇ ಹೇಳುತ್ತೆ.

ನೂರು ಗ್ರಾಂ ರಾಗಿಯಲ್ಲಿ ಪ್ರೊಟೀನು ಸುಮಾರು 7 ಗ್ರಾಂ. ಹುರಳಿ, ತೊಗರಿಯಲ್ಲಿ ಅದರ ಮೂರರಷ್ಟು. ರಾಗಿಯಲ್ಲಿ ಲೈಸಿನ್ ಅನ್ನೋ ಅಮೈನೋ ಆಮ್ಲ ಕಮ್ಮಿ, ಕಾಳಿನಲ್ಲಿ ಜಾಸ್ತಿ. ಕಾಳಿನಲ್ಲಿ ಕಮ್ಮಿ ಇರೋ ಮೆಥಿಯೊನಿನ್ ರಾಗಿಯಲ್ಲಿದೆ. ಒಂದರ ಕೊರತೆ ಇನ್ನೊಂದು ತುಂಬುತ್ತೆ. ನಮ್ಮ ಹಿರಿಯರು ಈ ಹೆಸರು ಕೇಳಿರಲಿಲ್ಲ, ಆದರೆ ರಾಗಿ ಜೊತೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಅಲಸಂದೆ ಬಿಡದೆ ಹಾಕುತ್ತಿದ್ದರು. ಈಗ ಅಕ್ಕಡಿ ಇದ್ದರೆ ಯಂತ್ರದಲ್ಲಿ ಕೊಯ್ಯೋಕೆ ತೊಡಕು ಅಂತ ಬರೀ ರಾಗಿ ಹಾಕ್ತೀವಿ. ಬೆಳೆದ ಸ್ವಲ್ಪ ಕಾಳನ್ನೂ ಮಾರಿ, ಪ್ರೊಟೀನು ಅಂತ ಡಬ್ಬಿ ತರ್ತೀವಿ. ಇದಕ್ಕಿಂತ ನಷ್ಟದ ವ್ಯಾಪಾರ ಉಂಟಾ?

ಎರಡು ಎಚ್ಚರಿಕೆ. ಮಾತ್ರೆ, ಇನ್ಸುಲಿನ್ ತಗೊಳ್ಳೋರು ಊಟ ಒಮ್ಮೆಲೇ ಇಳಿಸಬೇಡಿ, ಸಕ್ಕರೆ ಕುಸಿದು ಬೀಳಬಹುದು. ಮೂತ್ರಪಿಂಡ ಕೆಟ್ಟವರಿಗೆ ಹೆಚ್ಚು ಪ್ರೊಟೀನು ಒಳ್ಳೆಯದಲ್ಲ. ಕಣ್ಣಿನ ತೊಂದರೆ, ಮೂತ್ರಪಿಂಡದ ತೊಂದರೆ ಎರಡೂ ಒಟ್ಟಿಗೆ ಬರೋದು ಸಾಮಾನ್ಯ. ಅಂಥವರು ಕಾಳಿಗೂ ಡಾಕ್ಟರನ್ನು ಕೇಳಲೇಬೇಕು.

ಕಡೇ ಮಾತು. ಕಾಳು ತಿಂದೆ ಅಂತ ಕಣ್ಣಿನ ಪರೀಕ್ಷೆ ಬಿಡಬೇಡಿ. ದೊಡ್ಡವರಾದ ಮೇಲೆ ಬರೋ ಸಕ್ಕರೆ ಕಾಯಿಲೆಯಲ್ಲಿ ಗೊತ್ತಾದ ದಿನವೇ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಹಿಂಪರದೆ ತೋರಿಸಬೇಕು. ಕನ್ನಡಕದ ಅಂಗಡಿಯಲ್ಲಿ ಅಕ್ಷರ ಓದಿಸೋದು ಇದಲ್ಲ. ಪಾಪೆ ಅಗಲ ಆಗೋ ಹನಿ ಬಿಟ್ಟರೆ ಕೆಲವು ಗಂಟೆ ಮಬ್ಬು, ಜೊತೆಗೆ ಒಬ್ಬರಿರಲಿ. ಬೇಗ ಸಿಕ್ಕರೆ ಲೇಸರ್, ಇಂಜೆಕ್ಷನ್ ಇದೆ. ಮುಂಗಾರಿಗೆ ಮುಂಚೆ ಬೀಜ ನೋಡ್ತೀವಲ್ಲ, ಅದೇ ವಾರ ಕಣ್ಣನ್ನೂ ತೋರಿಸೋಣ. ಈ ಸಲ ಅಕ್ಕಡಿ ಹಾಕಿದವರು ಪತ್ರಿಕೆಗೆ ನಾಲ್ಕು ಸಾಲು ಬರೆಯಿರಿ.